ಪ್ಲಾನಪ್ಪನ ಮೆಮೊರಿ

ಎಲ್ಲ ಕೆಟ್ಟದ್ದು ಆ ಮೂರನೇ ಮೆಟ್ಟಿಲಿನಿಂದ.

ಪ್ಲಾನಪ್ಪನ ನಿಜವಾದ ಹೆಸರು ಅವನ ಹೆಂಡತಿಗೂ ಥಟ್ಟನೆ ನೆನಪಾಗುತ್ತಿರಲಿಲ್ಲ. ಮನೆಗಳ ಪ್ಲಾನು ಬರೆಯುವವನಾದ್ದರಿಂದ ಬೀದಿಗೆಲ್ಲ ಅವನು ಪ್ಲಾನಪ್ಪ. ಕಂಟ್ರಾಕ್ಟರೊಬ್ಬರ ಹೊಸ ಬಡಾವಣೆಗೆಂದು ಅವನು ಮಾದರಿ ಮನೆಯೊಂದನ್ನು ಕಂಪ್ಯೂಟರಿನಲ್ಲೇ ಕಟ್ಟಿ, ಒಳಗೆಲ್ಲ ನಡೆದಾಡಿದ ಹಾಗೆ ಕಾಣುವ ಚಿತ್ರವನ್ನು ತಯಾರಿಸಿದ್ದ. ಚಿತ್ರ ಮುಂಬಾಗಿಲಿನಿಂದ ಒಳಗೆ ಬರುತ್ತಿತ್ತು, ನಡುಮನೆ ದಾಟುತ್ತಿತ್ತು, ಅಡುಗೆಮನೆಗೆ ಇಣುಕುತ್ತಿತ್ತು. ಮಹಡಿ ಮೆಟ್ಟಿಲಿಗೆ ಬಂದು ಮೂರನೆಯದರ ಮೇಲೆ ಕಾಲಿಟ್ಟ ಕೂಡಲೇ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತುಬಿಡುತ್ತಿತ್ತು. ಕಂಟ್ರಾಕ್ಟರು ಸಂಜೆಗೆ ನೋಡಲು ಬರುವವರಿದ್ದರು. ಮೆಚ್ಚಿದರೆ ಬಡಾವಣೆಯ ಅಷ್ಟೂ ಮನೆಗಳ ಕೆಲಸ ಇವನಿಗೆ. ಇಲ್ಲದಿದ್ದರೆ ಹಿಂದಿನ ಬೀದಿಯಲ್ಲಿ ತಾನೂ ಪ್ಲಾನು ಬರೆಯುತ್ತೇನೆಂದು ಹೊಸದಾಗಿ ಬೋರ್ಡು ಹಾಕಿಕೊಂಡವನಿಗೆ.

ಕಂಪ್ಯೂಟರ್ ಬಿಚ್ಚುವುದೆಂದರೆ ಊಟ ಬಿಟ್ಟು ಓಡಿಬರುವ ಬಾಮೈದನೊಬ್ಬನಿದ್ದ. ಅವನು ಬೆಳಿಗ್ಗೆಯೇ ಬಂದು ತೀರ್ಪು ಕೊಟ್ಟ. ಪ್ರೊಸೆಸರ್ ಗಟ್ಟಿಯಾಗಿದೆ, ಕಂಪನಿಯವರು ಹೇಳಿದ್ದಕ್ಕಿಂತ ಜೋರಾಗಿ ಓಡಿಸಬಹುದು, ಹಾಗೆ ಓಡಿಸುವುದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಆದರೆ ಅದರ ಜೊತೆಗೆ ಮೆಮೊರಿಯೂ ಹೆಜ್ಜೆ ಹಾಕಬೇಕು, ಈಗಿರುವುದು ಕುಂಟುತ್ತಿದೆ. ಇಷ್ಟನ್ನೂ ಮೆಲ್ಲಗೆ ಹೇಳಿದವನು, ಅಷ್ಟರಲ್ಲಿ ಕಂಪ್ಯೂಟರಿನ ಫ್ಯಾನು ಬೊಬ್ಬೆ ಹೊಡೆದದ್ದರಿಂದ, ಕೊನೆಯ ಮಾತನ್ನು ಮಾತ್ರ ಕೂಗಿ ಹೇಳಬೇಕಾಯಿತು.

“ಭಾವ, ನಿಮ್ಮ ಮೆಮೊರಿ ಪೂರ್ತಿ ಹೋಗಿದೆ. ಇನ್ನು ತಡ ಮಾಡಬಾರದು.”

ಎದುರು ಮನೆಯ ಟೀಚರಮ್ಮ ನಿವೃತ್ತರಾದ ಮೇಲೆ ಇಡೀ ಬೀದಿಯನ್ನೇ ತಮ್ಮ ಕ್ಲಾಸು ಅಂದುಕೊಂಡಿದ್ದವರು. ಕಿಟಕಿಯ ಬಳಿ ಕೂತಿದ್ದ ಅವರ ಕಿವಿಗೆ ಬಿದ್ದದ್ದು ಆ ಕೊನೆಯ ಮಾತಷ್ಟೇ. ಅವರಿಗೆ ಅಷ್ಟು ಸಾಕಾಯಿತು.

ಬಾಮೈದ ಕಂಪ್ಯೂಟರಿನ ಡಬ್ಬದ ಧೂಳು ತೆಗೆಯುತ್ತ ಕೂತ. ಅಂಗಡಿಗೆ ಹೋಗುವ ಭಾವನಿಗೆ ಎರಡು ನಂಬರುಗಳನ್ನು ಬಾಯಿಪಾಠ ಮಾಡಿಸಿದ. ವೇಗದ ನಂಬರು ಮೂರು ಸಾವಿರದ ಆರುನೂರು, ಅದು ದೊಡ್ಡದಾದಷ್ಟೂ ಒಳ್ಳೆಯದು. ಟೈಮಿಂಗಿನ ನಂಬರು ಹದಿನಾರು, ಅದು ಚಿಕ್ಕದಾದಷ್ಟೂ ಒಳ್ಳೆಯದು. ಯಾಕೆ ಎಂದು ಪ್ಲಾನಪ್ಪ ಕೇಳಿದ. ಬಾಮೈದ ವಿವರಿಸಿದ. ವಿವರಣೆ ಮುಗಿಯುವ ಹೊತ್ತಿಗೆ ಮೊದಲು ಅರ್ಥವಾಗಿದ್ದದ್ದೂ ಪ್ಲಾನಪ್ಪನ ತಲೆಯಿಂದ ಜಾರಿಹೋಗಿತ್ತು.

ನಂಬರುಗಳಾದರೂ ಉಳಿಯಲಿ ಎಂದು ಜಪ ಮಾಡುತ್ತ ಗೇಟು ದಾಟಿದ. ಅಲ್ಲಿ ಟೀಚರಮ್ಮ ಕಾದಿದ್ದರು. ಒಂದನೇ ಕ್ಲಾಸಿನ ಮಗುವನ್ನು ಕೇಳುವ ದನಿಯಲ್ಲಿ, ಇವತ್ತು ಯಾವ ವಾರ ಹೇಳಪ್ಪ ಎಂದರು.

“ಹದಿನಾರು,” ಎಂದ ಪ್ಲಾನಪ್ಪ, ಜಪ ನಿಲ್ಲಿಸದೆ. “ಅದಕ್ಕಿಂತ ಜಾಸ್ತಿ ಆಗಬಾರದು.”

ಟೀಚರಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋಗಿ ಫೋನು ಹಿಡಿದರು. ಇವನು ಬೀದಿಯ ತಿರುವಿಗೆ ಬರುವಷ್ಟರಲ್ಲಿ ಮೆಡಿಕಲ್ ಶಾಪಿನವರು ಅಂಗಡಿಯಿಂದ ಇಳಿದುಬಂದು ಅಡ್ಡ ನಿಂತರು. ಮೆಮೊರಿ ತೊಂದರೆಯಂತೆ, ಎಷ್ಟು ದಿನವಾಯಿತು ಎಂದು ವಿಚಾರಿಸಿದರು. ತಿಳಿದವರೊಬ್ಬರು ಸಿಕ್ಕರಲ್ಲ ಎಂದು ಪ್ಲಾನಪ್ಪನಿಗೆ ಹೋದ ಜೀವ ಬಂದಂತಾಯಿತು.

“ಸುಮಾರು ದಿನ ಆಯ್ತು ಸಾರ್. ಬಿಸಿ ಏರಿದ ಕೂಡಲೇ ನಿಂತುಬಿಡುತ್ತೆ.”

“ಆಗ ಏನು ಮಾಡ್ತೀರಿ?”

“ಆಫ್ ಮಾಡಿ ಆನ್ ಮಾಡ್ತೀನಿ. ಮತ್ತೆ ಮೊದಲಿಂದ ಶುರುವಾಗುತ್ತೆ. ಇವತ್ತು ಹಳೇದನ್ನ ಕಿತ್ತು ಹೊಸದು ಹಾಕಿಸ್ತಿದೀನಿ. ಮನೇಲೇ, ನಮ್ಮ ಬಾಮೈದನೇ ಹಾಕ್ತಾನೆ. ಒಂದು ಸ್ಕ್ರೂಡ್ರೈವರ್ ಇದ್ರೆ ಸಾಕಂತೆ.”

ಮೆಡಿಕಲ್ ಶಾಪಿನವರು ಮೆಟ್ಟಿಲ ಮೇಲೆ ಕುಸಿದು ಕೂತರು. ಪ್ಲಾನಪ್ಪ ನಮಸ್ಕಾರ ಹೇಳಿ ಮುಂದೆ ಹೋದ.

ಕಂಪ್ಯೂಟರ್ ಅಂಗಡಿಯವನು ಗಾಜಿನ ಮೇಲೆ ಮೂರು ಪೊಟ್ಟಣಗಳನ್ನು ಸಾಲಾಗಿ ಇಟ್ಟ. ಒಂದರಲ್ಲಿ ಟೈಮಿಂಗ್ ಹದಿನಾರಿತ್ತು, ವೇಗ ಕಡಿಮೆಯಿತ್ತು. ಇನ್ನೊಂದರಲ್ಲಿ ವೇಗ ನಾಲ್ಕು ಸಾವಿರ, ಟೈಮಿಂಗ್ ಹತ್ತೊಂಬತ್ತು. ಮತ್ತೊಂದರಲ್ಲಿ ವೇಗ ಸರಿಯಾಗಿತ್ತು, ಟೈಮಿಂಗ್ ಹದಿನೆಂಟು. ದೊಡ್ಡದಿರಬೇಕಾದದ್ದು ಯಾವುದು, ಚಿಕ್ಕದಿರಬೇಕಾದದ್ದು ಯಾವುದು ಎಂಬುದೇ ಈಗ ಪ್ಲಾನಪ್ಪನಿಗೆ ಅದಲುಬದಲಾಯಿತು. ಪಕ್ಕದಲ್ಲಿ ಮೌಸ್ ಕೊಳ್ಳಲು ಬಂದಿದ್ದವರೊಬ್ಬರು, ಕೇಳದಿದ್ದರೂ, ವೇಗ ಇರೋದನ್ನೇ ತಗೊಳ್ಳಿ ಎಂದರು. ಅವರ ಹೆಂಡತಿ, ವೇಗವೊಂದೇ ಇದ್ದರೆ ಏನು ಬಂತು, ನಮ್ಮ ಮನೆಯಲ್ಲೇ ನೋಡುತ್ತಿಲ್ಲವೇ ಎಂದರು. ಅಲ್ಲಿಂದ ಮಾತು ಮೆಮೊರಿ ಬಿಟ್ಟು ಬೇರೆ ದಾರಿ ಹಿಡಿಯಿತು.

ಪ್ಲಾನಪ್ಪ ಬಾಮೈದನಿಗೆ ಫೋನು ಮಾಡಿ ಅಂಗಡಿಯವನ ಕೈಗೇ ಕೊಟ್ಟ. ಆ ಇಬ್ಬರೂ ಬಹಳ ಹೊತ್ತು ಹಳೆಯ ಗೆಳೆಯರಂತೆ ಹರಟಿದರು. ಕೊನೆಗೆ ಒಳಗಿನಿಂದ ನಾಲ್ಕನೆಯ ಪೊಟ್ಟಣ ಬಂತು. ನಂಬರುಗಳು ಸರಿಯಾಗಿದ್ದವು. ಆದರೆ ಅದರ ತುಂಬ ಬಣ್ಣದ ದೀಪಗಳು. ದೀಪದಿಂದ ವೇಗ ಹೆಚ್ಚುತ್ತದೆಯೇ ಎಂದು ಪ್ಲಾನಪ್ಪ ಕೇಳಿದ. ಇಲ್ಲ ಸಾರ್, ಚೆನ್ನಾಗಿ ಕಾಣುತ್ತೆ ಎಂದ ಅಂಗಡಿಯವನು. ಡಬ್ಬದೊಳಗೆ ಯಾರು ನೋಡುತ್ತಾರೆ ಎಂದು ಕೇಳುವ ಶಕ್ತಿ ಪ್ಲಾನಪ್ಪನಲ್ಲಿ ಉಳಿದಿರಲಿಲ್ಲ.

ಮನೆಗೆ ಬಂದರೆ ಕಂಟ್ರಾಕ್ಟರು ಹೇಳಿದ್ದಕ್ಕಿಂತ ಮುಂಚೆಯೇ ಬಂದು ಗೇಟಿನಲ್ಲಿ ನಿಂತಿದ್ದರು. ಪಕ್ಕದಲ್ಲಿ ಟೀಚರಮ್ಮ. ಹೇಳಬೇಕಾದದ್ದೆಲ್ಲ ಹೇಳಿ ಮುಗಿದಿದೆ ಎಂದು ಅವರ ಮುಖವೇ ಹೇಳುತ್ತಿತ್ತು. ಕಂಟ್ರಾಕ್ಟರು ಕಿವುಡರೊಡನೆ ಮಾತಾಡುವವರಂತೆ ಬಿಡಿಸಿ ಬಿಡಿಸಿ ಕೇಳಿದರು.

“ನಾನು ಯಾರು, ಗೊತ್ತಾಯ್ತಾ?”

ಬೆಳಗಿನಿಂದ ಜನ ತನ್ನನ್ನು ಯಾಕೆ ಹಾಗೆ ನೋಡುತ್ತಿದ್ದಾರೆಂದು ಪ್ಲಾನಪ್ಪನಿಗೆ ಆಗ ಹೊಳೆಯಿತು. ಅವಮಾನದಿಂದ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಪೊಟ್ಟಣವನ್ನು ತೋರಿಸಿ, ಮೆಮೊರಿ ಹೋಗಿದ್ದು ಕಂಪ್ಯೂಟರಿನದು, ನನ್ನದಲ್ಲ ಎಂದ. ಅಷ್ಟಕ್ಕೇ ಬಿಡಲಿಲ್ಲ. ಆ ಮಾದರಿ ಮನೆಯ ನಡುಮನೆಯ ಅಳತೆ, ಅಡುಗೆಮನೆಯ ಅಳತೆ, ಮೆಟ್ಟಿಲಿನ ಎತ್ತರ, ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಮಗ್ಗಿಯ ಹಾಗೆ ಒಪ್ಪಿಸಿದ.

“ಆ ಮನೆಯ ಒಂದೊಂದು ಕಿಟಕಿ, ಒಂದೊಂದು ಬಾಗಿಲೂ ನನ್ನ ತಲೇಲಿದೆ ಸಾರ್. ಬೇಕಾದ್ರೆ ನೋಡಿ.”

ಕಂಟ್ರಾಕ್ಟರು ನಕ್ಕುಬಿಟ್ಟರು. ಇಂಥವರೇ ನನಗೆ ಬೇಕಾಗಿರೋದು ಎಂದರು. ಟೀಚರಮ್ಮನ ಮುಖ ಚಿಕ್ಕದಾಯಿತು. ಆದರೂ ಚಿತ್ರ ನೋಡಲು ಎಲ್ಲರಿಗಿಂತ ಮುಂಚೆ ಒಳಗೆ ಹೋಗಿ ಒಳ್ಳೆಯ ಕುರ್ಚಿ ಹಿಡಿದರು.

ಬಾಮೈದ ಹೊಸ ಮೆಮೊರಿ ಕೂರಿಸಿ, ಪ್ರೊಸೆಸರಿನ ವೇಗ ಏರಿಸಿದ. ಡಬ್ಬದ ಸಂದಿನಿಂದ ಕೆಂಪು, ನೀಲಿ ಬೆಳಕು ಗೋಡೆಗೆ ಬಿತ್ತು. ಚಿತ್ರ ಓಡತೊಡಗಿತು. ಮುಂಬಾಗಿಲು, ನಡುಮನೆ, ಅಡುಗೆಮನೆ, ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಮೊದಲ ಮೆಟ್ಟಿಲು, ಎರಡನೆಯದು, ಮೂರನೆಯದು. ಪ್ಲಾನಪ್ಪ ಬೆರಳು ಮಡಚಿ ಎಣಿಸಿದ. ನಾಲ್ಕನೆಯದು ದಾಟಿತು. ಐದನೆಯದೂ ದಾಟಿತು. ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಮುಗಿದಳು. ಚಿತ್ರ ಸರಸರನೆ ಮಹಡಿ ಹತ್ತಿ, ಮೇಲಿನ ಮೆಟ್ಟಿಲಿಗೆ ಬಂದು, ನೇರವಾಗಿ ಗೋಡೆಗೆ ಮುಖ ಕೊಟ್ಟು ನಿಂತಿತು.

ಕಂಟ್ರಾಕ್ಟರು ಬಗ್ಗಿ ನೋಡಿದರು. ಎಡಕ್ಕೂ ಗೋಡೆ, ಬಲಕ್ಕೂ ಗೋಡೆ. ಮಹಡಿಯ ಮೇಲೆ ಎರಡು ರೂಮು ಅಂದಿದ್ದಿರಲ್ಲ, ಒಳಗೆ ಹೋಗುವುದು ಹೇಗೆ ಎಂದು ಕೇಳಿದರು. ಪ್ಲಾನಪ್ಪ ಹೊಸ ಮೆಮೊರಿಯೇ ಸರಿಯಿಲ್ಲವೇನೋ ಎಂಬ ಕೊನೆಯ ಆಸೆಯಿಂದ ಬಾಮೈದನ ಕಡೆ ನೋಡಿದ.

“ಮೆಮೊರಿ ಚಿನ್ನದಂಥದ್ದು ಭಾವ,” ಎಂದ ಬಾಮೈದ ಹೆಮ್ಮೆಯಿಂದ. “ನೀವು ಬರೆದಿದ್ದನ್ನ ಬರೆದ ಹಾಗೇ ತೋರಿಸ್ತಿದೆ.”

ಇಷ್ಟು ದಿನ ಆ ಹಳೆಯ ಮೆಮೊರಿ ಮೂರನೇ ಮೆಟ್ಟಿಲಿನಲ್ಲೇ ನಿಂತು ತನ್ನ ಮಾನ ಕಾಪಾಡಿತ್ತು ಎಂದು ಪ್ಲಾನಪ್ಪನಿಗೆ ಆಗ ತಿಳಿಯಿತು. ಕಂಟ್ರಾಕ್ಟರು ಎದ್ದು ಅವನ ಬೆನ್ನು ತಟ್ಟಿದರು. ಸಿಟ್ಟಿರಲಿಲ್ಲ, ಕನಿಕರವಿತ್ತು, ಅದೇ ಹೆಚ್ಚು ಚುಚ್ಚಿತು.

“ಒಂದೊಂದು ಬಾಗಿಲೂ ತಲೇಲಿದೆ ಅಂದ್ರಿ. ಒಂದು ಅಲ್ಲೇ ಉಳಿದುಬಿಟ್ಟಿದೆ, ನೋಡಿ.”

ಚಪ್ಪಲಿ ಮೆಟ್ಟಿಕೊಂಡು ಅವರು ಹಿಂದಿನ ಬೀದಿಯ ಕಡೆ ಹೊರಟರು. ಟೀಚರಮ್ಮ ಕುರ್ಚಿಯನ್ನು ಪ್ಲಾನಪ್ಪನ ಹತ್ತಿರಕ್ಕೆ ಎಳೆದುಕೊಂಡು, ಗಾಬರಿಯಾಗಬೇಡ, ನಿಧಾನವಾಗಿ ಯೋಚಿಸಿ ಹೇಳು, ಇವತ್ತು ಯಾವ ವಾರ ಎಂದರು.

ಪ್ಲಾನಪ್ಪ ಬಾಯಿ ತೆರೆದ. ನಿಜಕ್ಕೂ ನೆನಪಾಗಲಿಲ್ಲ.