ಒಂದೇ ಹಲಗೆ, ಎರಡು ಬೂಷ್ಟು

ಬಾಂಡುಂಗ್ ಪಟ್ಟಣದಲ್ಲಿ ಟೆಂಪೆ ಮಾಡಲು ಬರುವುದು ಈ ಪಾಯಿನೆಮ್‌ಗೆ ಮಾತ್ರ. ಮಿಕ್ಕವರು ಮಾಡುವುದು ಸೋಯಾ ಕಾಳಿಗೆ ಅವಮಾನ! ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ಹೊಗಳುತ್ತಿದ್ದ ಗಂಡ ತೀರಿಹೋಗಿದ್ದಾನೆ. ಮೊಮ್ಮಗಳು ಲಾಸ್ತ್ರಿಯ ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರು ಜಾವಾ ಸೀಮೆಯ ನನ್ನ ತವರಾದ ಪೆಕಲೊಂಗನ್ನಿನಿಂದಲೇ ಬರುತ್ತಾರೆಂದು ತಿಳಿದ ಕೂಡಲೇ ಶಪಥ ಮಾಡಿದೆ: ಅವರ ತಟ್ಟೆಗೆ ಹತ್ತಿಯಂಥ ಬಿಳಿಯ ಟೆಂಪೆ ಬೀಳಬೇಕು, ಊರು ಬಿಟ್ಟರೂ ಪಾಯಿನೆಮ್ ಕೈರುಚಿ ಬಿಟ್ಟಿಲ್ಲ ಎಂದು ಅವರು ಒಪ್ಪಬೇಕು.

ಕಾಳು ಬೇಯಿಸಿ, ಸಿಪ್ಪೆ ತುಳಿದು ತೆಗೆದು, ನೀರು ಪೂರಾ ಆರಿಸಿದೆ. ಹಳೆಯ ಬೂಷ್ಟು ಅಂಟಿದ ಒಣ ಎಲೆಯೇ ನನಗೆ ಹೆಪ್ಪು. ಅದರೊಂದಿಗೆ ಕಾಳನ್ನು ಬಾಳೆಲೆಯಲ್ಲಿ ಸುತ್ತಿ, ಒಲೆಯ ಪಕ್ಕದ ಹಲಗೆಯ ಮೇಲೆ ಮಲಗಿಸಬೇಕು. ಬಿಳಿ ಬೂಷ್ಟು ಒಳಗೊಳಗೇ ಹಬ್ಬಿ ಕಾಳಿಗೆ ಕಾಳು ಹೊಲಿಯುತ್ತದೆ. ಆ ಗಟ್ಟಿ ಮುದ್ದೆಯೇ ಟೆಂಪೆ. ಮನೆಯಲ್ಲಿ ಬೆಚ್ಚಗಿರುವ ಹಲಗೆ ಅದೊಂದೇ.

ಆ ಹಲಗೆಯ ಮೇಲೆ ನನ್ನ ಬೀಗಿತಿ ಓನಿಹ್‌ಳ ಕಣ್ಣೂ ಬಿತ್ತು. ಅವಳು ಸೊಸೆಯ ತಾಯಿ, ಇದೇ ಬಾಂಡುಂಗಿನ ಸುಂದಾ ಜನದವಳು, ಲಾಸ್ತ್ರಿಗೆ ಇನ್ನೊಬ್ಬ ಅಜ್ಜಿ. ಸಹಾಯಕ್ಕೆಂದು ಬಂದವಳು ಒಂಚೊಮ್ ಸಾಮಾನು ಹೊತ್ತೇ ಬಂದಿದ್ದಳು. ಒಂಚೊಮ್ ಎಂದರೆ ಕಡಲೆಕಾಯಿ ಹಿಂಡಿಯನ್ನು ಬಿಲ್ಲೆ ತಟ್ಟಿ, ಮೇಲೆ ಕಿತ್ತಳೆ ಬಣ್ಣದ ಬೂಷ್ಟು ಬೆಳೆಸುವುದು.

"ಬೀಗಿತಮ್ಮ, ನಮ್ಮೂರಲ್ಲಿ ಹಿಂಡಿ ಹಾಕೋದು ದನದ ಮುಂದೆ," ಎಂದೆ.

"ನಮ್ಮೂರಲ್ಲಿ ಬೀಗರ ಮುಂದೆ ಹಾಕ್ತೀವಿ," ಎಂದಳು. "ಸುಮ್ಮನೆ ಮೇಯ್ತಾರೆ, ಹಾಯೋಕೆ ಬರಲ್ಲ."

ಜಗಳ ಬೇಡವೆಂದು ಹಲಗೆಯ ನಡುವೆ ಹಳೆಯ ಸರೋಂಗ್ ಲುಂಗಿ ಕಟ್ಟಿದೆವು. ಈಚೆ ಜಾವಾ, ಆಚೆ ಸುಂದಾ. ಮನುಷ್ಯರಿಗೆ ಗಡಿ ಅರ್ಥವಾಯಿತು. ಬೂಷ್ಟಿಗೆ ಆಗಲಿಲ್ಲ! ಮರುದಿನ ನನ್ನ ಕಡೆ ಚಿಟಿಕೆಯಷ್ಟು ಕಿತ್ತಳೆ ಪುಡಿ ಕಂಡಿತು. ಒದ್ದೆ ಬಟ್ಟೆಯಲ್ಲಿ ಒರೆಸಿದ್ದರೆ ಮುಗಿಯುತ್ತಿತ್ತು. ನಾನು ತೆಂಗಿನಗರಿ ಪೊರಕೆ ಹಿಡಿದು ರಣರಂಗಕ್ಕಿಳಿದೆ. ಹಲಗೆ ಗುಡಿಸಿದೆ, ಗೋಡೆ ಬಡಿದೆ, ಸರೋಂಗ್ ಬಿಚ್ಚಿ ಒದರಿದೆ. ಪುಡಿ ಮೇಲೆದ್ದು ಅಡುಗೆಮನೆಗೆಲ್ಲ ಅರಿಸಿನ ಎರಚಿದ ಹಾಗಾಯಿತು. ಶತ್ರುವನ್ನು ನಾನೇ ಪಲ್ಲಕ್ಕಿಯಲ್ಲಿ ಕೂರಿಸಿ ಮೆರವಣಿಗೆ ಮಾಡಿದ್ದೆ.

ನಿಶ್ಚಿತಾರ್ಥದ ಬೆಳಿಗ್ಗೆ ಎಲೆ ಬಿಚ್ಚಿದೆ. ಟೆಂಪೆ ಕಿತ್ತಳೆ ಹಣ್ಣಾಗಿತ್ತು! ಇನ್ನೊಂದನ್ನು ಬಿಚ್ಚಿದೆ, ಅದೂ ಅದೇ. ಎಲ್ಲವೂ ಅದೇ.

ಲಾಸ್ತ್ರಿ ಬಗ್ಗಿ ನೋಡಿದಳು. "ಎರಡು ಬೂಷ್ಟಿಗೂ ಬೇಕಾಗಿರೋದು ಅದೇ ಕಾಳು, ಅದೇ ಬಿಸಿ, ಅಜ್ಜಿ. ಕಿತ್ತಳೇದು ಬೇಗ ಬೆಳೆಯತ್ತೆ. ನಿನ್ನದು ಕಣ್ಣು ಬಿಡೋ ಹೊತ್ತಿಗೆ ಅದು ಊಟ ಮುಗಿಸಿ ಕೈ ತೊಳೆದಿರತ್ತೆ."

ಆದರೆ ನನ್ನ ಸೈನ್ಯವೂ ಸುಮ್ಮನಿರಲಿಲ್ಲ. ಓನಿಹ್‌ಳ ಬಿಲ್ಲೆಗಳಲ್ಲಿ ಕೆಲವು ಬೂದಿಗಪ್ಪಾಗಿದ್ದವು. ಬಲಿತರೆ ಕಪ್ಪಾಗುವ ನನ್ನ ಬಿಳಿ ಬೂಷ್ಟು ಗಡಿ ದಾಟಿ ಅವಳ ಹಿಂಡಿಯನ್ನು ಗೆದ್ದಿತ್ತು. ಎದೆಯುಬ್ಬಿಸಿ ತೋರಿಸಿದೆ.

ಅವಳು ಮೂಸಿ ನೋಡಿ ಬುಟ್ಟಿಗೆ ಹಾಕಿಕೊಂಡಳು. "ಇದಾ? ಇದು ಕರಿ ಒಂಚೊಮ್. ನಮ್ಮಲ್ಲಿ ಇದನ್ನೇ ಹುಡುಕಿಕೊಂಡು ಬರ್ತಾರೆ."

ಎಂಥ ಅನ್ಯಾಯ! ನನ್ನ ಬೂಷ್ಟು ಅವಳ ಮನೆಗೆ ಹೋದರೆ ಅಳಿಯ, ಅವಳದು ನನ್ನ ಮನೆಗೆ ಬಂದರೆ ಕಳ್ಳ.

ಹೊಸದಾಗಿ ಕಾಳು ನೆನೆಸಲು ಹೊತ್ತಿರಲಿಲ್ಲ. ಪಾಪ, ಓನಿಹ್ ತಾನೇ ಹೋಗಿ ಸಂತೆಯಿಂದ ಬಿಳಿ ಟೆಂಪೆ ತರುತ್ತೇನೆಂದಳು. ಸಂತೆಯ ಟೆಂಪೆಯನ್ನು ನನ್ನ ಹೆಸರಲ್ಲಿ ಬಡಿಸುವುದೇ? ಸೋಲುವುದಾದರೆ ನನ್ನ ಟೆಂಪೆಯಿಂದಲೇ ಸೋಲುತ್ತೇನೆಂದು ಬಾಣಲೆ ಇಟ್ಟೆ. ಬೆಳ್ಳುಳ್ಳಿ, ಕೊತ್ತಂಬರಿ ಬೀಜ ಅರೆದು, ಅಕ್ಕಿ ಹಿಟ್ಟು ಕಲಸಿ, ಬಣ್ಣವೇ ಕಾಣದಷ್ಟು ದಪ್ಪಕ್ಕೆ ಅದ್ದಿ ಕರಿದೆ.

ಗಂಡಿನ ತಾಯಿ ದರ್ಮಿಯಮ್ಮ ಒಂದು ತಿಂದರು, ಇನ್ನೊಂದು ತೆಗೆದುಕೊಂಡರು. ಮೂರನೆಯದರ ಹಿಟ್ಟು ಸುಲಿದು ಒಳಗೆ ನೋಡಿದರು.

"ಒಂಚೊಮ್ ಇಷ್ಟು ರುಚಿ ಅಂತ ಗೊತ್ತಿರಲಿಲ್ಲ. ಯಾರು ಮಾಡಿದ್ದು?"

ಓನಿಹ್ ನೆಲ ನೋಡುತ್ತ ಕುಳಿತಳು. ಒಂಚೊಮ್ ಹೌದೆಂದರೆ ಅವಳಿಗೆ ಶರಣಾದಂತೆ, ಅಲ್ಲವೆಂದರೆ ಈ ಬಣ್ಣ ಕಂಡ ತವರಿನವರ ಎದುರು ನನ್ನ ಟೆಂಪೆಯ ಮಾನ ಹೋದಂತೆ. ಹೋಗಲಿ! ಸುಳ್ಳು ಹೇಳಿ ಓನಿಹ್‌ಗೆ ತಲೆಬಾಗುವವಳು ನಾನಲ್ಲ.

"ನಾನೇ ಮಾಡಿದ್ದು. ಅದು ಒಂಚೊಮ್ ಅಲ್ಲ, ಟೆಂಪೆ," ಎಂದೆ, ಗದ್ದ ಎತ್ತಿ.

ದರ್ಮಿಯಮ್ಮ ನನ್ನ ಕೈ ಹಿಡಿದುಕೊಂಡರು. "ಸಂಕೋಚ ಯಾಕಮ್ಮ? ನಮ್ಮೂರಿನವರಾಗಿ ಇಲ್ಲಿನವರಿಗಿಂತ ಚೆನ್ನಾಗಿ ಒಂಚೊಮ್ ಕಲಿತಿದೀರಿ. ಇಂಥ ಮನೆ ಹುಡುಗಿ ನಮಗೆ ಸಿಕ್ಕಿದ್ದು ಪುಣ್ಯ."

ಸಂಬಂಧ ಗಟ್ಟಿಯಾಯಿತು. ಬಾಯಿ ತೆರೆದರೆ ಕೆಟ್ಟೀತೆಂದು ಮುಚ್ಚಿಕೊಂಡೆ. ಓನಿಹ್ ನನ್ನ ಪಕ್ಕಕ್ಕೆ ಸರಿದು, ಬೆರಳ ಎಣ್ಣೆಯನ್ನು ನನ್ನ ಸೆರಗಿಗೇ ಒರೆಸುತ್ತ ಪಿಸುಗುಟ್ಟಿದಳು:

"ನಂಗೂ ಸ್ವಲ್ಪ ಹೇಳಿಕೊಡಿ ಬೀಗಿತಮ್ಮ. ಇಲ್ಲೇ ಹುಟ್ಟಿ ಬೆಳೆದರೂ ನಂಗೆ ಒಂಚೊಮ್ ಇಷ್ಟು ಕಿತ್ತಳೆಯಾಗಿ ಬರಲ್ಲ."