ಹನ್ನೆರಡು ಗಜದ ಓಟದ ಗಾಡಿ

ಕೊರಳಲ್ಲಿ ಟೇಪು ಹಾಕಿಕೊಂಡು ಕೂತವನ ಮುಂದೆ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ, ಯಾಕೆಂದರೆ ತಾನು ಬೆಳೆದಿದ್ದೇನೆ ಎಂದು ಯಾರೂ ಒಪ್ಪುವುದಿಲ್ಲ. ಪೈಜಾಮದ ಲಾಡಿ ಸಾಲದಿದ್ದರೆ ಲಾಡಿ ಸಣ್ಣದು. ಅಂಗಿಯ ಗುಂಡಿ ಹಾರಿದರೆ ದಾರ ಕಚ್ಚಾ. ಕೋಟು ಬಿಗಿಯಾದರೆ ದರ್ಜಿಗೆ ಬುದ್ಧಿಯಿಲ್ಲ.

ಶಹಾಬಾದಿನಲ್ಲಿ ನಾನು ಮೂವತ್ತು ವರ್ಷ ಬಟ್ಟೆ ಹೊಲಿದೆ. ಕಾರಖಾನೆಯ ಆಫೀಸರರಿಗೆ ಪ್ಯಾಂಟು, ಮದುಮಕ್ಕಳಿಗೆ ಶೇರವಾನಿ, ಶಾಲೆಯ ಮಕ್ಕಳಿಗೆ ಖಾಕಿ ಚಡ್ಡಿ, ಮತ್ತು ಸ್ಪೋರ್ಟ್ಸ್ ಕಾರಿಗೆ ಗವಸು. ಈ ಕೊನೆಯದನ್ನು ಹೊಲಿದ ದರ್ಜಿ ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಎಲ್ಲ ಸೋಸಿ ಹುಡುಕಿದರೂ ಇನ್ನೊಬ್ಬ ಸಿಗಲಿಕ್ಕಿಲ್ಲ. ಇದನ್ನು ಹೇಳುವಾಗ ನನ್ನ ಎದೆ ಒಂದಿಂಚು ಉಬ್ಬುತ್ತದೆ. ಅಳೆದು ನೋಡಿದ್ದೇನೆ.

೧. ಕೆಂಪಗಿರುವ ಕೂಸು

ನಮ್ಮ ಕಡೆಯ ಊರುಗಳು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯ ಸಾಹುಕಾರರ ಡ್ರೈವರ್ ಒಂದು ಮುಂಜಾನೆ ಅಂಗಡಿಗೆ ಬಂದ.

"ಮಾಸ್ತರ, ಸಾವಕಾರ್ರ ಮನಿಗಿ ಸಣ್ಣದೊಂದು ಬಂದದ. ಅದಕ್ಕ ಅಂಗಿ ಹೊಲಿಬೇಕಂತ. ಅಳತಿ ತಗೊಳ್ಳಾಕ ಬರ್ರಿ."

"ಭಾಳ ಛಲೋ ಸುದ್ದಿ. ಗಂಡೋ ಹೆಣ್ಣೋ?"

ಡ್ರೈವರ್ ಸ್ವಲ್ಪ ಹೊತ್ತು ಯೋಚಿಸಿ, "ಕೆಂಪಗದ" ಅಂದ.

"ಅಪ್ಪನ್ಹಂಗೋ, ಅವ್ವನ್ಹಂಗೋ?"

"ಪರದೇಶದ ಇಂಜಿನಿಯರ್‌ದಿತ್ತು. ಅವ್ರು ಊರಿಗಿ ಹೊಂಟ್ರು, ಬಿಟ್ಟು ಹೋಗಾಕತ್ತಿದ್ರು. ಸಾವಕಾರ್ರು ನೋಡ್ಲಾರದ ತಗೊಂಡು ಬಂದಾರ."

ಸಾಹುಕಾರರು ಪರದೇಶಿ ಕೂಸನ್ನು ದತ್ತು ತೆಗೆದುಕೊಂಡಿದ್ದಾರೆಂದು ತಿಳಿದು ನನ್ನ ಕಣ್ಣು ತುಂಬಿ ಬಂತು. ಮೆತ್ತನೆಯ ಮಲ್‌ಮಲ್ ಬಟ್ಟೆ ಎರಡು ತುಂಡು, ಜರಿ ಹಚ್ಚಿದ ಒಂದು ಮಖಮಲ್ ಟೊಪ್ಪಿಗೆ ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ದಾರಿಯಲ್ಲಿ ಕೇಳಿದೆ:

"ಭಾಳ ಅಳತದೇನು?"

"ಇಲ್ರಿ. ಆದ್ರ ಮುಂಜಾನಿ ಏಳಂಗಿಲ್ಲ. ಹಿಂದಿಂದ ಇಬ್ರು ನೂಕಬೇಕು."

ಸಾಹುಕಾರರ ಅಂಗಳದಲ್ಲಿ ನಿಂತಿದ್ದು ನನ್ನ ಸೊಂಟದೆತ್ತರದ ಕೆಂಪು ಕಾರು. ಎರಡೇ ಸೀಟು, ಉದ್ದ ಮೂತಿ, ತಲೆಯ ಮೇಲೆ ತಗಡಿಲ್ಲ. ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲಿದ್ದ ಮಖಮಲ್ ಟೊಪ್ಪಿಗೆಯನ್ನೇ ಮುಂದೆ ಚಾಚಿದೆ. ಸಾಹುಕಾರರು ಅದನ್ನು ತಿರುವಿ ಮುರುವಿ ನೋಡಿದರು. ಆಮೇಲೆ ಸೀಟಿನ ಹಿಂದೆ ಮಡಚಿಟ್ಟ ಕರೀ ಬಟ್ಟೆಯ ಚಾವಣಿಯನ್ನು ಸರ್ರನೆ ಮೇಲೆಳೆದು ತೋರಿಸಿದರು.

"ಟೊಪಗಿ ಅದರ ಸಂಗಟೇ ಬಂದದ, ಮಾಸ್ತರ. ನೀ ಅಂಗಿ ಒಂದೇ ಹೊಲಿ."

೨. ಸರಕಾರ ಉದ್ದ ಮಾಡಿದ್ದು

ನನ್ನ ಅಳತೆ ಪುಸ್ತಕದಲ್ಲಿ ಕಾರಿಗೆಂದು ಬೇರೆ ಪುಟ ಎಲ್ಲಿಂದ ಬರಬೇಕು? ಎದೆ, ನಡ, ಉದ್ದ ಎಂದು ಮನುಷ್ಯರಿಗೆ ಬರೆದಂತೆಯೇ ಬರೆದೆ. ದೊಡ್ಡ ಅಗಲದ ಕ್ಯಾನ್ವಾಸು ಹನ್ನೆರಡು ಗಜ ಹಿಡಿಯಿತು. ಗವಸು ಹೊಲಿದು ಹಾಕಿದಾಗ ಎಲ್ಲಿಯೂ ಒಂದು ನಿರಿಗೆ ಇರಲಿಲ್ಲ. ಕಾರು ನೋಡಲು ಬಂದವರು ಗವಸು ತೆಗೆಯುವುದು ಬೇಡ ಅನ್ನುತ್ತಿದ್ದರು.

ಏಳೆಂಟು ವರ್ಷದ ಮೇಲೆ ಸಾಹುಕಾರರು ಆ ಕಾರನ್ನು ಸೇಡಂನ ಒಬ್ಬ ದಾಲ್ ಮಿಲ್ ಮಾಲಕರಿಗೆ ಮಾರಿ, ಮುಂಬಯಿಯಿಂದ ಹೊಸದು ತರಿಸಿದರು. ಅದೇ ಕಂಪನಿ, ಅದೇ ಹೆಸರು, ಅದೇ ಕೆಂಪು, ಅವೇ ಎರಡು ಸೀಟು. ಆದರೆ ದರ್ಜಿಯ ಕಣ್ಣಿಗೆ ಹೇಳಿಕೊಡಬೇಕೆ? ಸೊಂಟದೆತ್ತರಕ್ಕಿದ್ದದ್ದು ಪಕ್ಕೆಲುಬಿಗೆ ಬಂದಿತ್ತು. ಕುಂಡೆ ಅಗಲವಾಗಿತ್ತು.

ಅಷ್ಟರಲ್ಲಿ ಅಂಗಡಿಗಳಲ್ಲಿ ಗಜ ಹೋಗಿ ಮೀಟರು ಬಂದಿತ್ತು. ಈ ಸಲ ಕ್ಯಾನ್ವಾಸು ಹನ್ನೆರಡು ಮೀಟರು ಬೇಕಾಯಿತು. ಗಾಡಿ ಬೆಳೆದಿದೆ ಎಂದು ನಾನು ಹೇಳುತ್ತಲೇ ಇದ್ದೆ. ಸಾಹುಕಾರರು ನನ್ನ ಪುಸ್ತಕ ಇಸಿದುಕೊಂಡು ಎರಡೂ ಪುಟ ನೋಡಿದರು.

"ಅವಾಗ ಹನ್ನೆರಡು, ಇವಾಗ ಹನ್ನೆರಡು. ಮತ್ತ ಬೆಳೆದದ ಬೆಳೆದದ ಅಂತ ಯಾಕ ಒದರಾಕತ್ತಿ?"

"ಸಾವಕಾರ್ರ, ಅದು ಗಜ ರಿ. ಇದು ಮೀಟರ್. ಒಂದೊಂದು ಮೀಟರ್ ಗಜಕ್ಕಿಂತ ಮೂರು ಇಂಚು ಉದ್ದ ಇರ್ತದ."

ಸಾಹುಕಾರರು ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು.

"ಹಂಗಾದ್ರ ಉದ್ದ ಮಾಡಿದ್ದು ಸರಕಾರ. ನನ್ನ ಗಾಡಿದೇನು ತಪ್ಪದ?"

೩. ಚಿಂಚೋಳಿ ದಾರಿ

ಚಿಂಚೋಳಿಯಲ್ಲಿ ಒಬ್ಬ ಮದುಮಗನ ಅಳತೆ ತೆಗೆದುಕೊಳ್ಳುವುದಿತ್ತು. ಸಾಹುಕಾರರು, "ಕುಂದ್ರು, ನಾನೂ ಆ ಕಡೀಗೇ ಹೊಂಟೀನಿ, ಗಾಡಿ ಹೆಂಗ ಓಡತದ ನೋಡೀಯಂತ" ಅಂದರು. ಹಳೆಯ ಕಾರಿನಲ್ಲಿ ಕೂತರೆ ಅವರ ಮೊಣಕಾಲು ನನಗೆ ತಾಗುತ್ತಿತ್ತು, ಪಿಸುಮಾತೂ ಕೇಳಿಸುತ್ತಿತ್ತು. ಇದರಲ್ಲಿ ಇಬ್ಬರ ನಡುವೆ ತಗಡಿನ ಒಂದು ದಿಂಡು ಎದ್ದು ಕೂತಿತ್ತು; ಮಾತಾಡಬೇಕಾದರೆ ಕೂಗಬೇಕು. ಓಡುವುದು ಮಾತ್ರ ಓಡಿತು, ಸುಳ್ಳು ಹೇಳಬಾರದು.

ಚಿಂಚೋಳಿ ಇನ್ನೂ ದೂರವಿರುವಾಗ ಒಂದು ಸಣ್ಣ ಸೇತುವೆ. ಎದುರಿಗೆ ತೊಗರಿ ಕಟ್ಟಿಗೆ ಹೇರಿಕೊಂಡ ಎತ್ತಿನ ಗಾಡಿ. ಹಳೆಯ ಕಾರಾಗಿದ್ದರೆ ಅದರ ಪಕ್ಕದಲ್ಲೇ ನುಸುಳಿ ಹೋಗಿಬಿಡುತ್ತಿತ್ತು. ಇದು ನುಸುಳಲಿಲ್ಲ. ಎತ್ತಿನ ಗಾಡಿ ಹಿಂದಕ್ಕೆ ಹೋಗುವಂತಿಲ್ಲ. ಕೊನೆಗೆ ನಾವೇ ಹಿಂದಕ್ಕೆ ಹೋದೆವು, ಒಂದೆರಡು ಫರ್ಲಾಂಗು, ಎತ್ತುಗಳು ನಮ್ಮ ಮೂತಿಯನ್ನು ಮೂಸುತ್ತ ಹಿಂಬಾಲಿಸಿ ಬಂದವು.

ರಸ್ತೆ ಅಗಲವಾದ ಕಡೆ ಎತ್ತಿನ ಗಾಡಿಯವನು ನಮ್ಮನ್ನು ದಾಟುತ್ತ ಕೈ ಮುಗಿದ. "ಸಾವಕಾರ್ರ, ಓಟದ ಗಾಡಿ ಅಂತ ಕೇಳಿದ್ದೆ. ಹಿಂದಕ್ಕೂ ಇಷ್ಟು ಛಲೋ ಓಡತದಂತ ಗೊತ್ತಿರಲಿಲ್ರಿ."

ಸಾಹುಕಾರರು ಗಾಡಿ ಮುಂದಕ್ಕೆ ಬಿಟ್ಟರು. ಚಿಂಚೋಳಿ ಬಂದ ಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು: "ಈಗಿನ ಎತ್ತು ಭಾಳ ದಪ್ಪ ಆಗ್ಯಾವ, ಮಾಸ್ತರ."

೪. ಮೂತಿ ಎಲ್ಲಿ ಹೋಯಿತು?

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮೇಲೆ ಸಾಹುಕಾರರು ಅದೇ ಹೆಸರಿನ ಮೂರನೆಯ ಕಾರು ಕೊಂಡರು. ಅದಿನ್ನೂ ಮುಂಬಯಿಯಿಂದ ಬರುವುದರೊಳಗೇ ಕ್ಯಾನ್ವಾಸು ಅಂಗಡಿಗೆ ಬಂತು, ಸರಿಯಾಗಿ ಹನ್ನೆರಡು ಮೀಟರು. "ಅಳತಿ ಬ್ಯಾಡ. ಹಳೀ ಪುಸ್ತಕ ನೋಡಿ ಹೊಲಿ. ಗಾಡಿ ಬರೂದ್ರಾಗ ಅಂಗಿ ತಯಾರ್ ಇರಬೇಕು" ಎಂದು ಹೇಳಿ ಕಳಿಸಿದ್ದರು. ಬೇಡ, ಕಾರು ಬರಲಿ ಎಂದು ಡ್ರೈವರ್‌ಗೆ ಎರಡು ಸಲ ಹೇಳಿದೆ. ಕೇಳುವವರು ಯಾರು? ಹೊಲಿದೆ.

ಕಾರು ಬಂದ ದಿನ ಅರ್ಧ ಬಜಾರು ಸಾಹುಕಾರರ ಅಂಗಳದಲ್ಲಿತ್ತು. ಗವಸು ಹಾಕಿದೆವು. ಬಾಲ ಮುಚ್ಚಿದರೆ ಒಂದೂವರೆ ಅಡಿ ಮೂತಿ ಹೊರಗೆ. ಮೂತಿ ಮುಚ್ಚಿದರೆ ಬಾಲ ಹೊರಗೆ.

"ಹನ್ನೆರಡು ಮೀಟರ್ ಕೊಟ್ಟೀನಿ. ಉಳಿದ ಬಟ್ಟಿ ಎಲ್ಲಿ?" ಸಾಹುಕಾರರು ಎಲ್ಲರ ಮುಂದೆ ಕೇಳಿದರು.

"ಸಾವಕಾರ್ರ, ಗಾಡಿ ಬೆಳೆದದ ರಿ."

"ಹೆಸರು ಅದೇ, ಸೀಟು ಅವೇ. ಜ್ವಾಳದ ರೊಟ್ಟಿ ತಿಂದು ಬೆಳೀತೇನು ಗಾಡಿ?"

ಜನ ನಕ್ಕರು. ದರ್ಜಿಗೆ ಹೊಲವಿಲ್ಲ, ಖಣಿಯಿಲ್ಲ. ಇರುವುದು ಒಂದು ಹೆಸರು. ಬಟ್ಟೆ ಕದಿಯುತ್ತಾನೆ ಎಂದು ಒಮ್ಮೆ ಜನರ ಬಾಯಿಗೆ ಬಿತ್ತೋ, ಅವನ ಮಿಷನ್ನು ಮಡಚಿಡಬೇಕು.

ಮರುದಿನದಿಂದಲೇ ಗಿರಾಕಿಗಳು ಬಟ್ಟೆ ಕೊಟ್ಟು ಹೋಗುವುದನ್ನು ಬಿಟ್ಟು, ಕತ್ತರಿಸಿ ಮುಗಿಯುವ ತನಕ ಎದುರಿಗೇ ನಿಲ್ಲತೊಡಗಿದರು. ಒಬ್ಬ ಅಜ್ಜಿಯಂತೂ ಕುಪ್ಪಸದ ಖಣವನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದಳು. ಹೊಲಿದ ಮೇಲೆ ಮತ್ತೆ ತೂಗಿಸಿ, "ಗುಂಡಿದು ಎಷ್ಟ ತೂಕ ಆಗತದಪ್ಪ?" ಎಂದು ಕೇಳಿದಳು.

ಇದೆಲ್ಲ ಸಾಲದೆಂಬಂತೆ ನನ್ನ ಹೆಂಡತಿ ಅದೇ ವಾರ ಹೊಸ ಚೀಲ ಹಿಡಿದು ಸಂತೆಗೆ ಹೋದಳು. ನಾನೇ ಕೊಂಡ ಕ್ಯಾನ್ವಾಸಿನಲ್ಲಿ ನಾನೇ ಹೊಲಿದ ಚೀಲ. ಕಾಯಿಪಲ್ಲೆ ಮಾರುವವಳು ಅದರೊಳಗೆ ಬದನೆಕಾಯಿ ಸುರಿಯುತ್ತ ಪಕ್ಕದವಳಿಗೆ ಕೂಗಿ ಹೇಳಿದಳಂತೆ:

"ಏ, ಸಾವಕಾರ್ರ ಗಾಡಿ ಮೂತಿ ಸಿಕ್ತು ನೋಡ!"

೫. ಗಾಡಿಯ ಮರಿ

ನಾನು ಸೀದಾ ಸಾಹುಕಾರರ ಮನೆಗೆ ಹೋದೆ. "ಮೊದಲನೇ ಗಾಡಿ ಸೇಡಂದಾಗ ಅದ. ತಂದು ಇದರ ಬಾಜು ನಿಂದ್ರಸ್ತೀನಿ. ಎಲ್ಲಾರ ಮುಂದ ಅಳೀತೀನಿ. ನನ್ನ ಮಾತು ಸುಳ್ಳಾದ್ರ ಇನ್ನ ಮ್ಯಾಲ ಕತ್ತರಿ ಮುಟ್ಟಂಗಿಲ್ಲ" ಅಂದೆ. ಸಾಹುಕಾರರು ಮೀಸೆ ತಿರುವಿ "ಆಗಲಿ" ಅಂದರು.

ಸೇಡಂನ ಮಿಲ್ಲಿನ ಹಿಂದೆ ನಮ್ಮ ಕೆಂಪು ಕೂಸು ಬಣ್ಣ ಮಾಸಿ ನಿಂತಿತ್ತು. ಎರಡು ಸೀಟಿನಲ್ಲಿ ಎರಡು ಕೋಳಿ ಕಾವಿಗೆ ಕೂತಿದ್ದವು. ನಾನು ಹೊಲಿದ ಗವಸು ಮಾತ್ರ ಒಂದು ಹೊಲಿಗೆ ಬಿಚ್ಚದೆ ಹಾಗೇ ಇತ್ತು. ನನಗೆ ಅಳುವೇ ಬಂತು. ಕಾರು ಚಾಲೂ ಆಗುವ ಮಾತಿರಲಿಲ್ಲ. ಮಾಲಕರು ಒಳ್ಳೆಯವರು. ಕೋಳಿಗಳಿಗೆ ಬುಟ್ಟಿಯ ವ್ಯವಸ್ಥೆ ಮಾಡಿ, ಶಹಾಬಾದಿನ ಕಡೆಗೆ ಹೊರಟಿದ್ದ ಲಾರಿಯಲ್ಲಿ ತೊಗರಿ ಬೇಳೆಯ ಚೀಲಗಳ ನಡುವೆ ಕಾರನ್ನು ಕೂರಿಸಿದರು.

ವಾಡಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಗೇಟಿನವನು ಲಾರಿಯ ಮೇಲೆ ಹತ್ತಿ ಇಣುಕಿದ.

"ಇದೇನ್ರೀ ಇದು?"

"ಗಾಡಿ" ಅಂದೆ.

ಅವನು ಲಾರಿಯನ್ನೂ ಕಾರನ್ನೂ ಎರಡೆರಡು ಸಲ ನೋಡಿದ. "ಸರಿ ಬಿಡ್ರಿ. ದೊಡ್ಡದಾಗೂತನ ಹೊತಗೊಂಡೇ ತಿರುಗಬೇಕಲ್ಲ."

೬. ಟೇಪು ಹೇಳಿದ್ದು

ಸಾಹುಕಾರರ ಅಂಗಳದಲ್ಲಿ ಹಾಸುಗಲ್ಲಿನ ಮೇಲೆ ಎರಡೂ ಕಾರು ಅಕ್ಕಪಕ್ಕ ನಿಂತವು. ನೋಡಲು ಬಂದವರು ಗೋಡೆಯ ಮೇಲೂ ಕೂತಿದ್ದರು. ತಕ್ಕಡಿಯ ಅಜ್ಜಿಗೆ ಮುಂದಿನ ಸಾಲಿನಲ್ಲಿ ಜಾಗ ಸಿಕ್ಕಿತ್ತು. ನಾನು ಮಂಡಿಯೂರಿ ಅಳೆದು ಒಂದೊಂದನ್ನೂ ಗಟ್ಟಿಯಾಗಿ ಓದಿದೆ. ಹಳೆಯದಕ್ಕಿಂತ ಹೊಸದು ಉದ್ದದಲ್ಲಿ ಎರಡು ಅಡಿ ಹೆಚ್ಚು, ಅಗಲದಲ್ಲಿ ಒಂದು ಗೇಣು ಹೆಚ್ಚು. ಸೀಟು ಮಾತ್ರ ಅವೇ ಎರಡು. ನನ್ನನ್ನು ಕೇಳಿದರೆ ಕಾರೆಂದರೆ ಮೊದಲನೆಯದೇ. ಅದು ಮೈಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಆಮೇಲಿನವೆಲ್ಲ ಮುಂದಿನ ವರ್ಷಕ್ಕೂ ಆಗಲಿ ಎಂದು ತಾಯಿ ದೊಡ್ಡದು ಮಾಡಿ ಹೊಲಿಸಿದ ಅಂಗಿಯ ಹಾಗೆ.

ಜನ ಗುಜುಗುಜು ಅಂದರು. ಸಾಹುಕಾರರು ಒಪ್ಪಲಿಲ್ಲ.

"ಟೇಪು ಎಳದು ಹಿಡದಿ. ನಾ ಇಪ್ಪತ್ತು ವರ್ಷದಿಂದ ಇದೇ ಕೋಟು ಹಾಕ್ತೀನಿ, ನನ್ನ ಅಳತಿ ಒಂದ ಇಂಚು ಬದಲಾಗಿಲ್ಲ. ನಾ ಹಳೀದ್ರಾಗ ಕುಂತು ನೋಡ್ತೀನಿ. ಆವಾಗ ಹಿಡಿಸಿದ್ದು ಈಗೂ ಹಿಡಿಸ್ತದ. ಎರಡೂ ಗಾಡಿ ಒಂದೇ ಅಂತ ಗೊತ್ತಾಗ್ತದ."

ಇಲ್ಲಿ ನನಗೊಂದು ಧರ್ಮಸಂಕಟ. ಆ ಕರೀ ಕೋಟು ನಾನೇ ಹೊಲಿದದ್ದು, ಸಾಹುಕಾರರು ಕಡ್ಡಿಯಂತಿದ್ದಾಗ. ಪ್ರತಿ ಸಲ ಇಸ್ತ್ರಿಗೆಂದು ಬಂದಾಗ ಅದರ ಹೊಲಿಗೆ ಬಿಚ್ಚಿ, ಅವರಿಗೆ ಗೊತ್ತಾಗದಂತೆ ಸಡಿಲ ಮಾಡಿ ಕಳಿಸುತ್ತಿದ್ದೆ. ಒಳಗೆ ಮಡಚಿಟ್ಟ ಹೆಚ್ಚಿನ ಬಟ್ಟೆ ಮುಗಿದ ಮೇಲೆ ನನ್ನ ಅಂಗಡಿಯದೇ ಸೇರಿಸಿದೆ. ಗಿರಾಕಿಯ ನಡ ದಪ್ಪವಾದದ್ದನ್ನು ನಾಲ್ಕು ಜನರ ಮುಂದೆ ಹೇಳುವವನು ದರ್ಜಿಯಲ್ಲ. ಆ ದಿನ ಹೇಳಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ನಾಲಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡೆ.

ಸಾಹುಕಾರರು ಹಳೆಯ ಕಾರಿನ ಬಾಗಿಲು ತೆಗೆದು ಉಸಿರು ಬಿಗಿಹಿಡಿದು ಕೂತರು. ಕೂತರು ಅನ್ನುವುದಕ್ಕಿಂತ ತುರುಕಿಕೊಂಡರು. ಸ್ಟಿಯರಿಂಗು ಹೊಟ್ಟೆಯೊಳಗೆ ಮುಳುಗಿತು. "ನೋಡ್ರಿ, ಹಿಡಿಸ್ತು!" ಎಂದು ಕೂಗಿದರು. ಜನ ಚಪ್ಪಾಳೆ ಹೊಡೆದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಆಮೇಲೆ ಏಳಲು ಹೋದರು. ಆಗಲಿಲ್ಲ.

ಒಂದು ಕೈ ಡ್ರೈವರ್ ಹಿಡಿದ, ಒಂದು ಕೈ ನಾನು ಹಿಡಿದೆ. "ಎಳೀರಿ!" ಅಂದರು ಸಾಹುಕಾರರು. "ಎಳೀಬ್ಯಾಡ್ರೋ!" ಅಂದರು ಮತ್ತೆ ಅವರೇ. ಮೂರನೆಯ ಸಲ ಎಳೆದಾಗ ಪರ್ರ್ ಎಂದು ದೊಡ್ಡ ಸಪ್ಪಳವಾಯಿತು. ಸಾಹುಕಾರರು ಹೊರಗೆ ಬಂದರು. ಕೋಟು ಕಂಕುಳಿನಿಂದ ಕೆಳಗಿನ ತನಕ ಬಿಚ್ಚಿಕೊಂಡಿತ್ತು. ಒಳಗೆ ಒಂದರ ಪಕ್ಕ ಒಂದು ಮೂರು ಪಟ್ಟಿ, ಒಂದು ಕಪ್ಪು, ಒಂದು ನಸುಗಪ್ಪು, ಒಂದು ಬೂದಿ ಬಣ್ಣ.

ಸಾಹುಕಾರರು ಆ ಪಟ್ಟಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇದು ಯಾರ ಬಟ್ಟಿ, ಮಾಸ್ತರ?"

"ನಂದೇ ರಿ" ಅಂದೆ ಸಣ್ಣ ದನಿಯಲ್ಲಿ. "ನಿಮಗ ಬಿಗಿ ಆಗಬಾರದಂತ."

ತಕ್ಕಡಿಯ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಾಹುಕಾರರು ದೊಡ್ಡ ಮನುಷ್ಯರು, ಅದನ್ನು ಇವತ್ತಿಗೂ ಹೇಳುತ್ತೇನೆ. ಅವರ ಹೊಟ್ಟೆ ಮೊದಲು ಅಲುಗಾಡಿತು, ಆಮೇಲೆ ನಗು ಬಂತು. ನನ್ನ ಹೆಗಲ ಮೇಲೆ ಕೈಯಿಟ್ಟು ಗೋಡೆಯ ಮೇಲೆ ಕೂತವರಿಗೂ ಕೇಳಿಸುವಂತೆ ಹೇಳಿದರು:

"ಎಲ್ಲಾರೂ ಕೇಳ್ರಿ. ಗಾಡಿ ಬೆಳೆದದ್ದು ಖರೇ. ಈ ಮಾಸ್ತರ ಕಳ್ಳ ಅಲ್ಲ, ಬಟ್ಟಿ ತನ್ನದೇ ಹಾಕಂವ. ಇವನ ಟೇಪು ಸುಳ್ಳು ಹೇಳಂಗಿಲ್ಲ!"

ನನ್ನ ಜೀವನದಲ್ಲಿ ಅಷ್ಟು ಹೆಮ್ಮೆ ಆ ಮೊದಲು ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ನನ್ನ ಹೆಂಡತಿ ಬಜಾರಿನ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

ಸಾಹುಕಾರರು ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ, "ಖರೇ ಹೇಳು, ನನ್ನ ನಡ ಈಗ ಎಷ್ಟದ?" ಎಂದು ಕೇಳಿದರು. ಟೇಪು ಸುತ್ತಿ ನೋಡಿ, ಅವರ ಕಿವಿಯಲ್ಲಿ ಹೇಳಿದೆ.

ಸಾಹುಕಾರರು ನೆಟ್ಟಗೆ ನಿಂತು, ಒಮ್ಮೆ ಕೆಮ್ಮಿ, ಮತ್ತೆ ಕೈಯೆತ್ತಿದರು.

"ಒಂದು ಮಾತು ತಿದ್ದತೀನ್ರಿ. ಇವನ ಟೇಪು ಸುಳ್ಳು ಹೇಳಂಗಿಲ್ಲ ಅಂದೆನಲ್ಲ, ಅದು ಗಾಡಿ ಅಳಿಯೂದಕ್ಕಷ್ಟೇ!"