ಮೂರು ಮನೆಗೆ ಒಂದೇ ಮದುವೆ

ಯುಗಾದಿಯ ಸಂಜೆ ನಮ್ಮ ಯಜಮಾನರು ಗುರುಶಾಂತಪ್ಪನವರು ಉಗ್ರಾಣದ ಬಾಗಿಲು ತೆರೆದು, ಗುಂಯ್‌ಗುಡುತ್ತಿದ್ದ ತಗಡಿನ ಪೆಟ್ಟಿಗೆಯೊಂದನ್ನು ಗೆಳೆಯರಿಗೆ ತೋರಿಸಿದರು. ಗೆಳೆಯರೆಂದರೆ ಎದುರುಮನೆಯ ಕುಲಕರ್ಣಿಯವರು, ಹಿಂದಿನ ಓಣಿಯ ಮಡಿವಾಳಪ್ಪನವರು. ಧಾರವಾಡದ ಈ ಮೂರು ಮನೆಗಳ ಫೋಟೊ, ಹಾಡು, ವಿಡಿಯೊಗಳೆಲ್ಲ ಇನ್ನು ಮುಂದೆ ಈ ಸರ್ವರಿನಲ್ಲೇ ಇರಬೇಕೆಂಬುದು ಅವರ ಯೋಜನೆ.

ಪೆಟ್ಟಿಗೆಯ ಆಯ್ಕೆಗೇ ಇಡೀ ಚಳಿಗಾಲ ಕಳೆದಿತ್ತು. ಕುಲಕರ್ಣಿಯವರಿಗೆ ಸದ್ದು ಮಾಡದ ಹೊಸ ಪುಟ್ಟ ಯಂತ್ರ ಬೇಕಿತ್ತು. ಮಡಿವಾಳಪ್ಪನವರು ಯಾವುದೋ ಕಚೇರಿಯವರು ಎಸೆದ ಹಳೇ ಕಂಪ್ಯೂಟರನ್ನು ಹೊತ್ತು ತಂದಿದ್ದರು. ನಮ್ಮವರು ಹಳೆಯದರ ಹೊಟ್ಟೆಗೆ ಹೊಸ ಡಿಸ್ಕ್ ತುಂಬಿ, ಇಬ್ಬರಿಗೂ ಸಮಾಧಾನವಾಗದಂತೆ ನೋಡಿಕೊಂಡರು. ಸಾಫ್ಟ್‌ವೇರ್ ಪುಕ್ಕಟೆಯಾಗಿ ಬೇಕಾದಷ್ಟು ಸಿಗುತ್ತಿತ್ತು. ಅದನ್ನು ಇವರು ಒಪ್ಪಲಿಲ್ಲ, ತಾವೇ ಬರೆದರು.

“ಅವು ಬರೇ ಇಟಗೊಂಡು ಕುಂದರತಾವು. ನಂದು ವಿಚಾರ ಮಾಡತೈತಿ,” ಎಂದರು.

ಒಂದೇ ತೆರನಾದ ಎರಡು ಸಂಗತಿ ಕಂಡರೆ ಸರ್ವರ್ ಅವನ್ನು ಬೆರೆಸಿ ಒಂದು ಮಾಡಿ ಜಾಗ ಉಳಿಸುತ್ತಿತ್ತು. ಮಡಿವಾಳಪ್ಪನವರು ಕೂಡಿಸಿಟ್ಟಿದ್ದ ಸಾವಿರಾರು ‘ಶುಭೋದಯ’ದ ಹೂಗಳು ನಮ್ಮ ಕಣ್ಣೆದುರೇ ಒಂದು ದೊಡ್ಡ ದಾಸವಾಳವಾದವು. ಎಲ್ಲರೂ ಮೆಚ್ಚಿದರು. ಗೆದ್ದಲು ಹಿಡಿದಿದ್ದ ನಮ್ಮ ನಮ್ಮ ಮದುವೆಯ ಆಲ್ಬಮ್ಮುಗಳನ್ನು ಸ್ಕ್ಯಾನ್ ಮಾಡಿಸಿ ಅದಕ್ಕೆ ಒಪ್ಪಿಸಿದೆವು, ಉಳಿದ ಹಾಳೆಗಳನ್ನು ಸುಟ್ಟೆವು.

ಮೊದಲು ಕೆಟ್ಟದ್ದು ಹಾಡು. ಕುಲಕರ್ಣಿಯವರು ಬೆಳಿಗ್ಗೆ ಹಾಕಿದ ಭಜನೆಯೊಳಗೆ ಮಡಿವಾಳಪ್ಪನವರ ಡೊಳ್ಳು ಸೇರಿಕೊಂಡಿತ್ತು. ಆಮೇಲೆ ಅವರಿಬ್ಬರ ಮೊಮ್ಮಕ್ಕಳು ಫೋಟೊದ ತೊಟ್ಟಿಲಲ್ಲಿ ಒಂದೇ ಕೂಸಾದರು. ಮೂಗು ನಮ್ಮದೆಂದು ಒಬ್ಬರು, ಕಿವಿ ನಮ್ಮದೆಂದು ಇನ್ನೊಬ್ಬರು ಜಗಳಕ್ಕೆ ನಿಂತರು. ಯಂತ್ರಕ್ಕೆ ಬುದ್ಧಿ ಸಾಲದು, ಇನ್ನಷ್ಟು ತುಂಬುತ್ತೇನೆ ಎಂದು ನಮ್ಮವರು ಮತ್ತೆ ಉಗ್ರಾಣ ಸೇರಿದರು. ಬುದ್ಧಿ ಹೆಚ್ಚಿತು. ಅದೇ ತಪ್ಪಾಯಿತು.

ಕುಲಕರ್ಣಿ ದಂಪತಿಯ ಮದುವೆಯ ನಲವತ್ತನೆಯ ವರ್ಷಕ್ಕೆ ನೆಂಟರನ್ನೆಲ್ಲ ಊಟಕ್ಕೆ ಕರೆದಿದ್ದರು. ಸಭಾಭವನದ ಗೋಡೆಯ ಮೇಲೆ ನಮ್ಮವರು ಮದುವೆಯ ಫೋಟೊ ಮೂಡಿಸಿದರು. ವರನಿಗೆ ಕುಲಕರ್ಣಿಯವರ ಮೂಗು, ಮಡಿವಾಳಪ್ಪನವರ ಮೀಸೆ, ನಮ್ಮವರ ಹಣೆಯ ವಿಭೂತಿ. ವಧುವಿಗೆ ಕುಲಕರ್ಣಿಯವರ ಮಡದಿ ವಾರಿಜಾಬಾಯಿಯ ಕಣ್ಣು, ಮಡಿವಾಳಪ್ಪನವರ ಹೆಂಡತಿ ನೀಲವ್ವನ ಮೂಗುತಿ, ನನ್ನ ಗುಂಡು ಕೆನ್ನೆ! ಯಂತ್ರದ ವಿಚಾರದಲ್ಲಿ ಮದುವೆ ಎಂದರೆ ಎಲ್ಲ ಒಂದೇ. ಮೂರನ್ನೂ ಬೆರೆಸಿ ಈ ಒಂದು ಫೋಟೊ ಉಳಿಸಿಕೊಂಡು, ಮಿಕ್ಕಿದ್ದನ್ನೆಲ್ಲ ಅಳಿಸಿಬಿಟ್ಟಿತ್ತು.

ಊಟಕ್ಕೆ ಕೂತವರೆಲ್ಲ ಎಲೆ ಬಿಟ್ಟು ಗೋಡೆ ನೋಡಿದರು. ನಮ್ಮವರು ಅಷ್ಟು ಸಣ್ಣಗಾದದ್ದನ್ನು ನಾನು ಕಂಡಿರಲಿಲ್ಲ. ನಮ್ಮ ಅವ್ವ ನನ್ನ ಹಣೆಗೆ ಹೂವಿನ ದಂಡೆ ಕಟ್ಟುವ ಫೋಟೊ, ಅವಳದೆಂದು ಇದ್ದದ್ದು ಅದೊಂದೇ, ಅದೂ ಹೋಗಿತ್ತು.

ವಾರಿಜಾಬಾಯಿ ಕನ್ನಡಕ ಸರಿಮಾಡಿಕೊಂಡು ಗೋಡೆಯ ಹತ್ತಿರ ಹೋದರು. ಬಹಳ ಹೊತ್ತು ನೋಡಿದರು.

“ಇದನ್ನ ದೊಡ್ಡದು ಮಾಡಿಸಿ ಕೊಡ್ರಿ,” ಎಂದರು. “ನಮ್ಮವರು ಅವತ್ತ ಇಷ್ಟು ಛಂದ ಕಂಡಿದ್ದಿಲ್ಲ.”

ನೀಲವ್ವನೂ ಎದ್ದು ಬಂದು ತನಗೊಂದು ಬೇಕೆಂದಳು. ನಾನೂ ಹತ್ತಿರ ಹೋದೆ. ವಧುವಿನ ತಲೆಯ ಹಿಂದೆ ಎರಡು ಕೈಗಳಿದ್ದವು, ಹಸಿರು ಬಳೆ ತೊಟ್ಟವು, ದಂಡೆಯ ಗಂಟು ಹಾಕುತ್ತಿದ್ದವು. ಅವು ಅವ್ವನವೇ. ನನಗೂ ಒಂದಿರಲಿ ಎಂದೆ.

ಈಗ ಮೂರೂ ಮನೆಯ ಪಡಸಾಲೆಯಲ್ಲಿ ಅದೇ ಫೋಟೊ ತೂಗುತ್ತದೆ. ನೋಡಿದ ನೆಂಟರು, ನೀವಿಬ್ಬರೂ ಅಂದು ಹೇಗಿದ್ದಿರೋ ಇಂದೂ ಹಾಗೇ ಇದ್ದೀರಿ ಎನ್ನುತ್ತಾರೆ.